ಅನುಮತಿ

ಶೃಂಗೇರಿಯಿಂದ ಸುಮಾರು 10 ಕಿ.ಮೀ. ದೂರದ ಕಿಗ್ಗ, ಮಳೆಗಾಗಿ ರೈತರು ಋಷ್ಯಶೃಂಗೇಶ್ವರನ ಮೊರೆ ಹೋಗುವ ಊರು. ಅಲ್ಲಿಂದ ನರಸಿಂಹ ಪರ್ವತ ಹತ್ತಲು ಅರಣ್ಯ ಇಲಾಖೆಯ ಅನುಮತಿ ಬೇಕು. ಹಣ ಕಟ್ಟಿ, ಚೀಟಿ ಪಡೆದು, ಸ್ಥಳೀಯ ಮಾರ್ಗದರ್ಶಿಯೊಬ್ಬರ ಹಿಂದೆ ನಾವು ಎರಡು ಕುಟುಂಬದವರು ಹೊರಟೆವು. ಅದು ಕುದುರೆಮುಖ ರಾಷ್ಟ್ರೀಯ ಉದ್ಯಾನದ ಕಾಡು. ಪಶ್ಚಿಮ ಘಟ್ಟ ಬಿಟ್ಟರೆ ಬೇರೆ ಯಾವ ಕಾಡಿನಲ್ಲೂ ಇಲ್ಲದ ಸಿಂಗಳೀಕವನ್ನು ನೋಡಬೇಕೆಂಬುದು ಮಕ್ಕಳ ಆಸೆ. ಆದರೆ ದಾರಿಯುದ್ದಕ್ಕೂ ನಮ್ಮದೇ ಗದ್ದಲ. ಮೊಬೈಲ್ ಹಾಡು, ಕೂಗಾಟ, ಇಂಬಳ ಹತ್ತಿದಾಗಲೆಲ್ಲ ಕಿರುಚಾಟ. ಮೂರು ಗಂಟೆ ನಡೆದರೂ ಕಂಡದ್ದು ಇಂಬಳ ಮಾತ್ರ.

ಮಧ್ಯಾಹ್ನ ಹಳ್ಳದಲ್ಲಿ ವುಝೂ ಮಾಡಿ, ಮರದಡಿ ಝುಹರ್ ನಮಾಝ್‌ಗೆ ನಿಂತೆವು. ಸಲಾಮ್ ಹೇಳಿ ಮುಗಿಸಿದಾಗ ಮಾರ್ಗದರ್ಶಿ ಬಾಯಿಗೆ ಬೆರಳಿಟ್ಟು ಮೇಲಕ್ಕೆ ತೋರಿಸಿದರು. ಎತ್ತರದ ಕೊಂಬೆಗಳಲ್ಲಿ, ಬೂದು ಬಣ್ಣದ ಕೇಸರದ ನಡುವೆ ಕಪ್ಪು ಮುಖಗಳು. ಒಂದು ತಾಯಿಯ ಎದೆಗೆ ಮರಿ ಅವುಚಿಕೊಂಡಿತ್ತು.

"ನೀವು ಸುಮ್ಮನಾದಿರಲ್ಲ ಸಾರ್, ಅದಕ್ಕೇ ಬಂದವು" ಎಂದರು ಅವರು ಮೆಲ್ಲಗೆ.

ನಮಗೆ ನಾಚಿಕೆಯಾಯಿತು. ಪ್ರಾಣಿಪಕ್ಷಿಗಳೂ ನಮ್ಮಂತೆಯೇ ಸಮುದಾಯಗಳೆಂದು ಕುರ್‌ಆನ್ ತಿಳಿಸುವುದನ್ನು ಎಷ್ಟೋ ಸಲ ಓದಿದ್ದೆವು. ಯಾರದೇ ಮನೆಗೂ ಕೇಳದೆ ನುಗ್ಗಬಾರದೆಂದು ಮಕ್ಕಳಿಗೆ ಕಲಿಸಿದವರೂ ನಾವೇ. ಇಲಾಖೆಯ ಚೀಟಿ ನಮ್ಮ ಜೇಬಿನಲ್ಲಿತ್ತು. ಮನೆಯವರನ್ನು ಮಾತ್ರ ನಾವು ಕೇಳಿರಲಿಲ್ಲ.

ಇಳಿಯುವಾಗ ಇಂಬಳಗಳು ಮತ್ತೆ ಹತ್ತಿದವು. ಯಾರೂ ಕಿರುಚಲಿಲ್ಲ.