ಮುಚ್ಚದ ಗೇಟು



ನಿಮ್ಮ ವಯಸ್ಸಿನಲ್ಲಿದ್ದಾಗ ನಾನು ಅಪ್ಪನ ಜೊತೆ ಶಹಾಪುರದ ಕಡೆಯ ನಮ್ಮ ಹೊಲಕ್ಕೆ ನೀರು ಬಿಡಲು ಹೋಗುತ್ತಿದ್ದೆ. ಒಂದು ರಾತ್ರಿ ಕಾಲುವೆಯ ಗೇಟಿಗೆ ಕಲ್ಲು ಸಿಕ್ಕಿಕೊಂಡಿತು. ಎಷ್ಟು ತಿರುಗಿಸಿದರೂ ಮುಚ್ಚಲಿಲ್ಲ. ಬೆಳಗಾಗುವಷ್ಟರಲ್ಲಿ ಶೇಂಗಾ ಹೊಲವೆಲ್ಲ ನೀರಿನಲ್ಲಿ ನಿಂತಿತ್ತು. "ನೀರು ಬರೋದು ಎಷ್ಟು ಮುಖ್ಯನೋ ನಿಲ್ಲೋದೂ ಅಷ್ಟೇ ಮುಖ್ಯ, ತಮ್ಮಾ" ಎಂದರು ಅಪ್ಪ.

ನಮ್ಮ ದೇಹದಲ್ಲೂ ಇಂಥ ಗೇಟುಗಳಿವೆ. ಮೊಣಕಾಲು ತರಚಿದರೆ ಕೆಲವೇ ದಿನಗಳಲ್ಲಿ ಹೊಸ ಚರ್ಮ ಬರುತ್ತದಲ್ಲವೇ? ಗಾಯದ ಬಳಿಯಿಂದ 'ಬೆಳೆಯಿರಿ' ಎಂಬ ರಾಸಾಯನಿಕ ಸಂದೇಶ ಹೊರಡುತ್ತದೆ. ಜೀವಕೋಶದ ಹೊರಮೈಯಲ್ಲಿರುವ ಗ್ರಾಹಕವು ಅದನ್ನು ಹಿಡಿದು, ಒಳಗಿರುವ 'ರಾಸ್' ಎಂಬ ಪ್ರೋಟೀನಿಗೆ ಮುಟ್ಟಿಸುತ್ತದೆ. ಈ ರಾಸ್ ಒಂದು ಗೇಟಿನಂತೆ. ಅದು ತೆರೆದಾಗ ಸಂದೇಶವು ಒಂದು ಪ್ರೋಟೀನಿನಿಂದ ಇನ್ನೊಂದಕ್ಕೆ ದಾಟುತ್ತಾ ಕೋಶಕೇಂದ್ರವನ್ನು ತಲಪುತ್ತದೆ. ಆಗ ಜೀವಕೋಶ ಒಡೆದು ಎರಡಾಗುತ್ತದೆ. ಕೆಲಸ ಮುಗಿದ ಮೇಲೆ ಗೇಟು ಮುಚ್ಚಿಕೊಳ್ಳುತ್ತದೆ.

ರಾಸ್ ಹೇಗಿರಬೇಕೆಂದು ತಿಳಿಸುವ ಜೀನಿನಲ್ಲಿ ಒಂದೇ ಒಂದು 'ಅಕ್ಷರ' ತಪ್ಪಿದರೂ ಈ ಗೇಟು ತೆರೆದೇ ಉಳಿಯಬಹುದು. ವಿಜ್ಞಾನಿಗಳು ಇದನ್ನು 1982ರಲ್ಲಿ ಕಂಡುಕೊಂಡರು. ಇಂಥ ಹಲವು ತಪ್ಪುಗಳು ವರ್ಷಗಟ್ಟಲೆ ಕೂಡಿಕೊಂಡಾಗ ಜೀವಕೋಶಗಳು ಮಿತಿಯಿಲ್ಲದೆ ಬೆಳೆಯುತ್ತವೆ. ಅದೇ ಕ್ಯಾನ್ಸರ್.

ಜೀನಿನ ಸಣ್ಣಪುಟ್ಟ ತಪ್ಪುಗಳನ್ನು ದೇಹ ದಿನವೂ ಸರಿಪಡಿಸುತ್ತಿರುತ್ತದೆ. ಆದರೆ ಆರ್ಸೆನಿಕ್ ಎಂಬ ವಿಷವಸ್ತು ಈ ದುರಸ್ತಿಗೇ ಅಡ್ಡಿ ಮಾಡುತ್ತದೆ. ಆರ್ಸೆನಿಕ್ ಇರುವ ನೀರನ್ನು ಬಹುಕಾಲ ಕುಡಿದರೆ ಚರ್ಮ, ಶ್ವಾಸಕೋಶ, ಮೂತ್ರಕೋಶಗಳ ಕ್ಯಾನ್ಸರ್ ಬರಬಹುದು.

ಇದು ದೂರದ ಮಾತಲ್ಲ. ನಮ್ಮ ಸುರಪುರ ಸೀಮೆಯ ಮಂಗಳೂರು ಗ್ರಾಮದ ಬಳಿ ಹಿಂದೆ ಚಿನ್ನದ ಗಣಿ ಇತ್ತು. ಕಿರದಳ್ಳಿ ತಾಂಡಾ ಇರುವುದು ಅದೇ ಭಾಗದಲ್ಲಿ. 2013ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಈ ಭಾಗದ 59 ಕೊಳವೆಬಾವಿಗಳ ನೀರನ್ನು ಪರೀಕ್ಷಿಸಲಾಗಿತ್ತು. ಅವುಗಳಲ್ಲಿ ಶೇಕಡಾ 79ರಲ್ಲಿ ಆರ್ಸೆನಿಕ್ ಲೀಟರಿಗೆ 10 ಮೈಕ್ರೋಗ್ರಾಂ ಎಂಬ ಮಿತಿಯನ್ನು ಮೀರಿತ್ತು. ಒಂದು ಗ್ರಾಮನ್ನು ಹತ್ತು ಲಕ್ಷ ಪಾಲು ಮಾಡಿದರೆ ಒಂದು ಪಾಲೇ ಮೈಕ್ರೋಗ್ರಾಂ! ತಪಾಸಣೆಗೆ ಬಂದ 181 ಜನರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಯ ಚರ್ಮದಲ್ಲಿ ಆರ್ಸೆನಿಕ್‌ನ ಗುರುತುಗಳಿದ್ದವು.

ಅದನ್ನು ಓದಿದ ದಿನ ನನಗೆ ನಿದ್ದೆ ಬರಲಿಲ್ಲ. ಏಕೆ ಗೊತ್ತೇ? "ನೀರು ಕಾಯಿಸಿ ಕುಡಿದರೆ ಯಾವ ಭಯವೂ ಇಲ್ಲ" ಎಂದು ನಾನು ವರ್ಷಗಳಿಂದ ತರಗತಿಯಲ್ಲಿ ಹೇಳುತ್ತಿದ್ದೆ. ಅದು ಅರ್ಧ ಸತ್ಯ. ಕಾಯಿಸಿದರೆ ರೋಗಾಣುಗಳು ಸಾಯುತ್ತವೆ, ಆರ್ಸೆನಿಕ್ ಹೋಗುವುದಿಲ್ಲ. ನೀರು ಆವಿಯಾದಷ್ಟೂ ಉಳಿದ ನೀರಿನಲ್ಲಿ ಅದರ ಪ್ರಮಾಣ ಹೆಚ್ಚುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ರುಚಿಯಿಲ್ಲ. ಪರೀಕ್ಷೆ ಮಾಡಿಸಿದರೆ ಮಾತ್ರ ತಿಳಿಯುತ್ತದೆ.

ಇನ್ನೊಂದು ಮಾತು. ಆರ್ಸೆನಿಕ್‌ನಿಂದ ಅಂಗೈ ಗಂಟುಗಟ್ಟಿದವರ ಪಕ್ಕದಲ್ಲಿ ಕುಳಿತರೆ, ಅವರ ಕೈ ಹಿಡಿದರೆ ಅದು ನಿಮಗೆ ಅಂಟುವುದಿಲ್ಲ. ಕ್ಯಾನ್ಸರೂ ಅಂಟುವುದಿಲ್ಲ. ಯಾರನ್ನೂ ದೂರ ಇಡಬೇಡಿ.

ನಿಮ್ಮೂರಿನ ಕೊಳವೆಬಾವಿಯ ನೀರನ್ನು ಪರೀಕ್ಷಿಸಿದ್ದಾರೆಯೇ? ನಾಳೆ ನಿಮ್ಮ ಗುರುಗಳನ್ನು ಕೇಳಿ. ಅವರ ಜೊತೆ ಗ್ರಾಮ ಪಂಚಾಯಿತಿಗೆ ಹೋಗಿ ಕೇಳಿ. ನಾನು ಕೇಳಲು ತಡಮಾಡಿದೆ, ನೀವು ಮಾಡಬೇಡಿ.