ತೂಫಾನಿಗೆ ಕಾದು ಕುಳಿತ ಮರವಂತೆ

ಕುಂದಾಪುರದಿಂದ ಬೈಂದೂರಿಗೆ ಹೋಗುವ ಬಸ್ಸಿನಲ್ಲಿ ಕಿಟಕಿಯ ಪಕ್ಕದ ಸೀಟು ಸಿಕ್ಕಿದರೆ ಅದೃಷ್ಟವೆನ್ನಬೇಕು. ತ್ರಾಸಿ ದಾಟಿದರೆ ಎಡಕ್ಕೆ ಅರಬ್ಬೀ ಸಮುದ್ರ, ಬಲಕ್ಕೆ ಸೌಪರ್ಣಿಕಾ ನದಿ, ನಡುವೆ ಹೆದ್ದಾರಿ. ನದಿಯಾಚೆ ತೆಂಗಿನ ತೋಟಗಳು, ದೂರದಲ್ಲಿ ಕೊಡಚಾದ್ರಿಯ ಬೆಟ್ಟಸಾಲು. ಇದೇ ಮರವಂತೆ. ಡಿಸೆಂಬರಿನಲ್ಲಿ ಶಾಲಾ ಪ್ರವಾಸದ ಬಸ್ಸುಗಳು ಇಲ್ಲಿ ಹತ್ತು ನಿಮಿಷ ನಿಲ್ಲುತ್ತವೆ. ಮಕ್ಕಳು ಫೋಟೋ ತೆಗೆಸಿಕೊಂಡು ಕೊಲ್ಲೂರಿಗೋ ಮುರುಡೇಶ್ವರಕ್ಕೋ ಹೊರಟುಬಿಡುತ್ತಾರೆ. ನಾನೂ ಎಷ್ಟೋ ವರ್ಷ ಮಕ್ಕಳನ್ನು ಹಾಗೆಯೇ ಕರೆದುಕೊಂಡು ಹೋದವನು. ಆದರೆ ಈ ಊರು ಪಾಠ ಹೇಳುವುದು ಮಳೆಗಾಲದಲ್ಲಿ.

ನಾನು ಹೋದದ್ದು ಆಸಾಡಿ ಅಮಾಸಿಯ ಜಾತ್ರೆಗೆ. ಹೆದ್ದಾರಿಯ ಬದಿಯಲ್ಲೇ ಮಹಾರಾಜಸ್ವಾಮಿ ವರಾಹ ದೇವಸ್ಥಾನವಿದೆ. ಆ ದಿನ ಜನ ಕಡಲಿನಲ್ಲೂ ನದಿಯಲ್ಲೂ ಮಿಂದು ದೇವರಿಗೆ ಕೈಮುಗಿಯುತ್ತಾರೆ. ಹೊಸದಾಗಿ ಮದುವೆಯಾದವರು ಜೋಡಿಯಾಗಿ ಬರುತ್ತಾರೆ. ಮೀನುಗಾರರು ಕಡಲು ಕೈಹಿಡಿಯಲಿ ಎಂದು ಬೇಡಿಕೊಳ್ಳಲು ಬರುತ್ತಾರೆ. ಹಿಂದೆ ನನ್ನ ತರಗತಿಯಲ್ಲಿದ್ದ ಹುಡುಗನೊಬ್ಬ ಈಗ ನಾಡದೋಣಿಗೆ ಹೋಗುತ್ತಾನೆ. ಅವನ ತಮ್ಮ ಈಗ ನಮ್ಮಲ್ಲಿ ಹತ್ತನೆಯ ತರಗತಿ. ಅವರ ಕರೆಯ ಮೇಲೆ ಹೋದವನು, ಜಾತ್ರೆ ಮುಗಿಸಿ ಸಂಜೆ ಅವರೊಂದಿಗೆ ಹೊರಬಂದರಿನ ಕಡೆಗೆ ನಡೆದೆ.

ದೋಣಿಗಳೆಲ್ಲ ದಡದಲ್ಲಿದ್ದವು. ಬಲೆಗಳ ರಾಶಿಗೆ ಟಾರ್ಪಾಲು ಹೊದಿಸಿತ್ತು. ಗಂಡಸರು ಗುಂಪುಗುಂಪಾಗಿ ಕುಳಿತು ಕಡಲನ್ನೇ ನೋಡುತ್ತಿದ್ದರು. "ಗಾಳಿ ಜೋರಿರುವುದರಿಂದ ಇಳಿದಿಲ್ಲವೇನೋ" ಎಂದೆ. ಹುಡುಗರ ತಂದೆ ನಕ್ಕುಬಿಟ್ಟರು. "ತೂಫಾನ್ ಆಯ್ಕ್ ಮಾಷ್ಟ್ರೇ. ಕಡ್ಲ್ ಒಂದ್ಸಲ ಅಡಿಮೇಲ್ ಆದ್ರೇ ಮೀನ್. ಇಲ್ದಿರೆ ಬಲೆ ಹಾಕಿ ನೀರ್ ಎಳುದೇ."

ಬಿರುಗಾಳಿ ಎಂದರೆ ಮೀನುಗಾರನ ಶತ್ರು ಎಂದೇ ನಾವು ಓದಿದ್ದೇವೆ, ಓದಿಸಿದ್ದೇವೆ. ಇಲ್ಲಿ ಅದರ ದಾರಿ ಕಾಯುತ್ತಾರೆ! ಕಾರಣವಿದೆ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ಬೋಟುಗಳಿಗೆ ಮೀನುಗಾರಿಕೆ ನಿಷೇಧ. ಹತ್ತು ಅಶ್ವಶಕ್ತಿಯೊಳಗಿನ ಎಂಜಿನ್ ಕಟ್ಟಿಕೊಂಡ ನಾಡದೋಣಿಗಳಿಗೆ ಮಾತ್ರ ಆಗ ಕಡಲಿಗಿಳಿಯಲು ಅವಕಾಶ. ಸಣ್ಣವರ ಸುಗ್ಗಿ ಎಂದರೆ ಈ ಎರಡೇ ತಿಂಗಳು. ಆದರೆ ಸುಗ್ಗಿ ಕ್ಯಾಲೆಂಡರಿನ ಪ್ರಕಾರ ಬರುವುದಿಲ್ಲ. ಕಡಲು ಒಮ್ಮೆ ಭೋರ್ಗರೆದು, ತಳದ ಕೆಸರು ಕದಡಿ, ಆಮೇಲೆ ಶಾಂತವಾಗಬೇಕು. ಆಗ ಸಿಗಡಿ, ಬಂಗುಡೆ, ಬೂತಾಯಿ ದಡದ ಸಮೀಪಕ್ಕೆ ಬರುತ್ತವೆ ಎಂಬುದು ಇವರ ಅನುಭವ.

ಈ ಅನುಭವಕ್ಕೆ ವಿಜ್ಞಾನದ ಬೆಂಬಲವೂ ಉಂಟು. ಮುಂಗಾರಿನಲ್ಲಿ ನಮ್ಮ ಕರಾವಳಿಯುದ್ದಕ್ಕೂ ವಾಯವ್ಯ ದಿಕ್ಕಿನಿಂದಲೂ ಗಾಳಿ ಬೀಸುತ್ತದೆ. ಭೂಮಿ ತಿರುಗುತ್ತಿರುವುದರಿಂದ, ಈ ಗಾಳಿ ತಳ್ಳಿದ ಮೇಲ್ಪದರದ ನೀರು ನೇರ ಸಾಗದೆ ಬಲಕ್ಕೆ, ಅಂದರೆ ದಡದಿಂದ ದೂರಕ್ಕೆ ಸರಿಯುತ್ತದೆ. ಆ ಜಾಗ ತುಂಬಲು ಆಳದ ತಣ್ಣೀರು ಮೇಲೆ ಬರುತ್ತದೆ. ಅದರಲ್ಲಿ ನೈಟ್ರೇಟ್, ಫಾಸ್ಫೇಟುಗಳು ಹೇರಳ. ಗದ್ದೆಗೆ ಗೊಬ್ಬರ ಹಾಕಿದ ಹಾಗೆ. ಬಿಸಿಲು ತಾಗಿದೊಡನೆ ಡಯಾಟಂ ಎಂಬ ಏಕಕೋಶ ಪಾಚಿಗಳು ಕೋಟಿಗಟ್ಟಲೆ ಹುಟ್ಟುತ್ತವೆ. ಬೂತಾಯಿಗೆ (ಕುಂದಾಪುರದ ಕಡೆ ಬೈಗೆ) ಅದೇ ಊಟ. ಈ ಮೀನಿಗೂ ಡಯಾಟಂಗಳಿಗೂ ಇರುವ ಸಂಬಂಧವನ್ನು ಮದರಾಸು ಮೀನುಗಾರಿಕೆ ಇಲಾಖೆಯ ಜೇಮ್ಸ್ ಹಾರ್ನೆಲ್ ಮತ್ತು ರಾಮಸ್ವಾಮಿ ನಾಯುಡು 1924ರಷ್ಟು ಹಿಂದೆಯೇ ಬರೆದಿಟ್ಟರು. ಈ ಊರೂ ಆಗ ಮದರಾಸು ಪ್ರಾಂತ್ಯದಲ್ಲಿತ್ತು.

ಹಾಗಾದರೆ ಈಗ ಏನಾಗಿದೆ? "ಗಾಳಿ ಬಪ್ಪುದ್, ಮಳೆ ಬಪ್ಪುದ್, ತೂಫಾನ್ ಆಪುದ್, ಎಲ್ಲಕ್ಕೂ ಒಂದ್ ಲೆಕ್ಕ ಇದ್ದಿತ್. ಈಗ ಆ ಲೆಕ್ಕ ತಪ್ಪಿತ್" ಎಂದರು ಅವರು.

2023ರಲ್ಲಿ ಮುಂಗಾರು ಕೇರಳ ಮುಟ್ಟಿದ್ದು ಜೂನ್ 8ರಂದು. ಅದೇ ಹೊತ್ತಿಗೆ ಬಿಪರ್‌ಜಾಯ್ ಚಂಡಮಾರುತ ಅರಬ್ಬೀ ಸಮುದ್ರದಲ್ಲಿ ಸುಳಿಯುತ್ತಿತ್ತು. 2025ರಲ್ಲಿ ಮುಂಗಾರು ಮೇ 24ಕ್ಕೇ ಬಂತು. ಮಳೆ ವಾರ ಹಿಂದೆ ಮುಂದೆ ಆಗುವುದು ಹೊಸತಲ್ಲ. ಒಂದೆರಡು ವರ್ಷ ನೋಡಿ ಹವಾಮಾನವೇ ಬದಲಾಯಿತೆಂದು ಹೇಳಬಾರದು ಎಂದು ನಾನೇ ತರಗತಿಯಲ್ಲಿ ಹೇಳುತ್ತೇನೆ. ಆದರೆ ಚಂಡಮಾರುತಗಳ ಲೆಕ್ಕ ಒಂದೆರಡು ವರ್ಷದ್ದಲ್ಲ. ಪುಣೆಯ ಭಾರತೀಯ ಉಷ್ಣವಲಯ ಹವಾಮಾನ ವಿಜ್ಞಾನ ಸಂಸ್ಥೆಯ ತಜ್ಞರು 2021ರಲ್ಲಿ ಪ್ರಕಟಿಸಿದ ಅಧ್ಯಯನದಂತೆ, 1982ರಿಂದ 2000ದವರೆಗಿನ ಅವಧಿಗೆ ಹೋಲಿಸಿದರೆ 2001ರಿಂದ 2019ರ ನಡುವೆ ಅರಬ್ಬೀ ಸಮುದ್ರದ ಚಂಡಮಾರುತಗಳು ಶೇಕಡಾ 52ರಷ್ಟು ಹೆಚ್ಚಿವೆ. ಸಮುದ್ರದ ಮೇಲ್ಮೈ ಬಿಸಿಯಾದಷ್ಟೂ ಅವಕ್ಕೆ ಸಿಗುವ ಆವಿ ಹೆಚ್ಚು, ಆವಿಯಲ್ಲಿ ಅಡಗಿದ ಶಾಖವೇ ಅವುಗಳ ಇಂಧನ.

ಮುಂಗಾರಿನ ತೂಫಾನ್ ಬೇರೆ, ಚಂಡಮಾರುತ ಬೇರೆ. ಮೊದಲನೆಯದು ಮೀನು ತರುತ್ತದೆ, ಎರಡನೆಯದು ದುಡಿಯುವ ದಿನಗಳನ್ನು ಕಿತ್ತುಕೊಳ್ಳುತ್ತದೆ. 2019ರ ಅಕ್ಟೋಬರ್ ಕೊನೆಯಲ್ಲಿ ಕ್ಯಾರ್, ಮಹಾ ಎಂಬ ಎರಡು ಚಂಡಮಾರುತಗಳು ಏಕಕಾಲಕ್ಕೆ ಈ ಸಮುದ್ರದಲ್ಲಿದ್ದವು. ನೂರಾರು ಬೋಟುಗಳು ಕಾರವಾರದಲ್ಲಿ ಆಶ್ರಯ ಪಡೆದವು. 2021ರ ಮೇ ಮಧ್ಯದಲ್ಲಿ ತೌಕ್ತೆ ಹಾದುಹೋದಾಗ ಇಲ್ಲಿಗೆ ಸಮೀಪದ ನಾಡದಲ್ಲಿ ಒಂದೇ ದಿನ 385 ಮಿ.ಮೀ. ಮಳೆ ಸುರಿಯಿತು. ಅಕಾಲದ ಮಳೆ ಎಂದರೆ ಹೆಂಗಸರು ಬಿಸಿಲಿಗೆ ಹರವಿದ ಒಣಮೀನಿಗೂ ಹುಳ.

ಬೂತಾಯಿಯ ಕಥೆಯೂ ಕೇಳುವಂಥದ್ದೇ. ಕೇರಳದಲ್ಲಿ 2012ರಲ್ಲಿ ಸುಮಾರು 3.9 ಲಕ್ಷ ಟನ್ ಸಿಕ್ಕಿದ ಈ ಮೀನು 2021ರಲ್ಲಿ 3,297 ಟನ್ನಿಗೆ ಇಳಿಯಿತು. ಬಳಿಕ ಮತ್ತೆ ಚೇತರಿಸಿಕೊಂಡಿತು. 1940ರ ದಶಕದಲ್ಲೂ ಬೂತಾಯಿ ಹೀಗೆಯೇ ಮರೆಯಾಗಿತ್ತು. ಕೇಂದ್ರೀಯ ಸಾಗರ ಮೀನುಗಾರಿಕೆ ಸಂಶೋಧನಾ ಸಂಸ್ಥೆಯವರು ಈಚಿನ ಕುಸಿತಕ್ಕೆ ಎಲ್ ನಿನೊ ವರ್ಷಗಳ ಬಿಸಿನೀರನ್ನೂ ಕಾರಣವೆಂದು ಹೇಳಿದ್ದಾರೆ. ಎಲ್ಲವನ್ನೂ ಹವೆಯ ತಲೆಗೆ ಕಟ್ಟುವುದೂ ಸರಿಯಲ್ಲ. ಮರಿಮೀನುಗಳನ್ನೇ ಬಾಚುವ ಬಲೆ, 2017ರಲ್ಲಿ ಕೇಂದ್ರ ಸರ್ಕಾರ ನಿಷೇಧಿಸಿದ ಲೈಟ್ ಫಿಶಿಂಗ್, ಇವೂ ಪಾಲುದಾರರೇ. ಆದರೆ ನಷ್ಟ ಎಲ್ಲರಿಗೂ ಒಂದೇ ಅಲ್ಲ. ತಂಪು ನೀರು ಹುಡುಕಿ ಮೀನು ಆಳಕ್ಕೆ ಸರಿದರೆ, ಐಸ್ ತುಂಬಿಕೊಂಡು ವಾರಗಟ್ಟಲೆ ತಿರುಗುವ ದೊಡ್ಡ ಬೋಟು ಬೆನ್ನಟ್ಟೀತು. ಬೆಳಿಗ್ಗೆ ಹೋಗಿ ಅದೇ ದಿನ ದಡ ಸೇರಬೇಕಾದ ನಾಡದೋಣಿಗೆ ಅದು ಆಗದ ಮಾತು.

ಕತ್ತಲಾಗುತ್ತಿತ್ತು. ಹೈದರಾಬಾದಿನಲ್ಲಿ 1999ರಿಂದ ಇರುವ ಸಾಗರ ಮಾಹಿತಿ ಕೇಂದ್ರವು ಅಲೆಗಳ ಎತ್ತರವನ್ನೂ ಮೀನು ಸಿಗಬಹುದಾದ ಜಾಗವನ್ನೂ ಮುಂಚಿತವಾಗಿ ತಿಳಿಸುತ್ತದೆ ಎಂದು ನಾನು ಉತ್ಸಾಹದಿಂದ ವಿವರಿಸಿದೆ. ಆ ಹಿರಿಯರು ತಾಳ್ಮೆಯಿಂದ ಕೇಳಿ ಅಂದರು: "ಮೊಬೈಲಂಗೆ ಹೇಳುದ್ ಸುಳ್ಳಲ್ಲ ಮಾಷ್ಟ್ರೇ. ಆರೆ ದೋಣಿ ಇಳ್ಸುಕಾಗ ಅಂದ ದಿನ ಗಂಜಿಗ್ ಎಂತ ಮಾಡುದ್?" ಮೂವತ್ತು ವರ್ಷ ಪಾಠ ಹೇಳಿದ ನನ್ನ ಬಳಿ ಉತ್ತರವಿರಲಿಲ್ಲ. ಎಚ್ಚರಿಕೆಯ ಸಂದೇಶ ಜೀವ ಉಳಿಸುತ್ತದೆ. ಆ ದಿನದ ಸಂಬಳ ಕೊಡುವುದಿಲ್ಲ. ಸುರಕ್ಷತೆಯ ಖರ್ಚನ್ನು ಈ ಮನೆಗಳು ತಾವೇ ಹೊರುತ್ತಿವೆ.

ಚಿಕ್ಕ ಹುಡುಗನನ್ನು ಕಡಲಿಗೆ ಕಳಿಸುವುದಿಲ್ಲ ಎಂದು ಅವನ ತಾಯಿ ತೀರ್ಮಾನಿಸಿದ್ದಾರೆ. ಅವರ ಚಿಂತೆ ನನಗೂ ಅರ್ಥವಾಗುತ್ತದೆ. ಆದರೆ ಓದುವ ಹುಡುಗ ಮನೆಯ ತಿಳಿವಳಿಕೆಯನ್ನು ದಡದಲ್ಲೇ ಬಿಟ್ಟು ಬರಬೇಕೆಂದಿಲ್ಲ. ಹೊರಡುವ ಮುನ್ನ ಅವನಿಗೊಂದು ಕೆಲಸ ಹೇಳಿದೆ. ದಿನಾ ಗಾಳಿಯ ದಿಕ್ಕು, ಮಳೆ, ದೋಣಿ ಇಳಿಯಿತೇ ಇಲ್ಲವೇ, ಯಾವ ಮೀನು ಸಿಕ್ಕಿತು, ಇಷ್ಟನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡು ಎಂದೆ.

ತಿಂಗಳ ಮೇಲೆ ಅವನು ಪುಸ್ತಕ ತಂದು ತೋರಿಸಿದ. 'ಇಳಿಯಲಿಲ್ಲ' ಎಂದು ಬರೆದ ದಿನಗಳೇ ಹೆಚ್ಚಿದ್ದವು. ನಾನು ಹೇಳದಿದ್ದರೂ ಅವನು ಎರಡು ಕಾಲಂಗಳನ್ನು ಸೇರಿಸಿದ್ದ: ಒಂದು 'ಮೊಬೈಲ್ ಹೇಳಿದ್ದು', ಇನ್ನೊಂದು 'ಅಪ್ಪ ಹೇಳಿದ್ದು'. ಕೆಲವು ದಿನ ಇದು ಸರಿ, ಕೆಲವು ದಿನ ಅದು. ಪ್ರತಿ ಸಾಲಿನ ಕೊನೆಗೆ ಕೆಂಪು ಪೆನ್ನಿನಲ್ಲಿ ಅವನೇ ಸರಿ-ತಪ್ಪು ಗುರುತು ಹಾಕಿದ್ದ.