ಪಾಂಡವಪುರದ ಲಾಡ್ಜಿನಲ್ಲಿ ಸ್ವಂತ ವೈಫೈ

ಲಾಡ್ಜಿನ ವೈಫೈ ಎಲ್ಲರಿಗೂ ಸೇರಿದ್ದು. ಪಾಸ್‌ವರ್ಡ್ ಕೌಂಟರಿನ ಗೋಡೆಯ ಮೇಲೆಯೇ ಅಂಟಿಸಿರುತ್ತದೆ. ಒಂದೆರಡು ರಾತ್ರಿ ತಂಗುವವರಿಗೆ ಅದು ಸಾಕು. ತಿಂಗಳುಗಟ್ಟಲೆ ಬಿಡಾರ ಹೂಡುವವರಿಗೆ ಸಾಲದು. ಅಂಥವರು ಲಾಡ್ಜಿನ ಸಂಪರ್ಕವನ್ನೇ ಪಡೆದು, ಕೊಠಡಿಯ ಮಟ್ಟಿಗೆ ಬೇರೆ ಹೆಸರು, ಬೇರೆ ಪಾಸ್‌ವರ್ಡಿನಲ್ಲಿ ಹಂಚಿಕೊಳ್ಳುವ ಪುಟ್ಟ ಜಾಲವೇ ಖಾಸಗಿ ವೈಫೈ.

ಈ ಲೇಖಕನಿಗೆ ಅದರ ಅಗತ್ಯ ಬಿದ್ದದ್ದು ಶಾಸನಗಳ ಬೆನ್ನು ಹತ್ತಿದ ಪ್ರವಾಸದಲ್ಲಿ. ಕೃಷ್ಣರಾಜಪೇಟೆ, ಪಾಂಡವಪುರ, ಶ್ರೀರಂಗಪಟ್ಟಣ ತಾಲ್ಲೂಕುಗಳ ಶಾಸನಗಳು ಎಪಿಗ್ರಾಫಿಯಾ ಕರ್ನಾಟಿಕ ಎಂಬ ಶಾಸನ ಸಂಗ್ರಹದ ಪರಿಷ್ಕೃತ ಆವೃತ್ತಿಯ 6ನೇ ಸಂಪುಟದಲ್ಲಿವೆ, ನಾಗಮಂಗಲದವು 7ನೆಯದರಲ್ಲಿ. ಮೈಸೂರಿನಿಂದ ರೈಲು ಶ್ರೀರಂಗಪಟ್ಟಣ ದಾಟಿದ ಮೇಲೆ ಪಾಂಡವಪುರ ನಿಲ್ದಾಣ ಸಿಗುತ್ತದೆ. ಬ್ರಿಟಿಷರ ಕಾಲದಲ್ಲಿ ಫ್ರೆಂಚ್ ರಾಕ್ಸ್ ಎನಿಸಿಕೊಂಡಿದ್ದ ಈ ಊರಿನಲ್ಲೇ ಬಿಡಾರ. ಹಗಲೆಲ್ಲ ಕೆರೆತೊಣ್ಣೂರು, ಮೇಲುಕೋಟೆ, ಹೊಸಹೊಳಲು, ಚಿನಕುರಳಿ ಎಂದು ಸುತ್ತಾಟ. ಸಂಜೆ ಮರಳುವಾಗ ಕ್ಯಾಮೆರಾದಲ್ಲಿ ನೂರಾರು ಚಿತ್ರಗಳಿರುತ್ತಿದ್ದವು. ಅವನ್ನು ಜಾಲಕ್ಕೆ ಏರಿಸೋಣವೆಂದರೆ ಲಾಡ್ಜಿನಲ್ಲಿ ಕೊಠಡಿಗೆ ಎರಡೇ ಸಾಧನಗಳಿಗೆ ಅವಕಾಶ, ದಿನಕ್ಕೊಮ್ಮೆ ಒಟಿಪಿ.

ಖಾಸಗಿ ವೈಫೈಗೆ ಬೇಕಾದದ್ದು ಅಂಗೈಯಲ್ಲಿ ಹಿಡಿಸುವ ಪ್ರಯಾಣದ ರೂಟರ್. ಮೊದಲು ಮಾಲೀಕರ ಒಪ್ಪಿಗೆ ಕೇಳಬೇಕು. ಸಂಪರ್ಕದ ವೆಚ್ಚ ಅವರದು, ಕೇಳುವುದೇ ಮರ್ಯಾದೆ. ಕೊಠಡಿಯ ಗೋಡೆಯಲ್ಲಿ ಲ್ಯಾನ್ ಸಾಕೆಟ್ ಇದ್ದರೆ ಕೇಬಲ್ ಸಿಕ್ಕಿಸಿದರಾಯಿತು. ಇಲ್ಲದಿದ್ದರೆ ರೂಟರೇ ಲಾಡ್ಜಿನ ವೈಫೈ ಹಿಡಿದು ಒಳಗೆ ಹಂಚುವಂತೆ ಹೊಂದಿಸಬೇಕು. ಒಟಿಪಿ ಪುಟವನ್ನು ಒಂದು ಫೋನಿನಿಂದ ತುಂಬಿದರೆ ಸಾಮಾನ್ಯವಾಗಿ ಸಾಕು: ಹೊರಗಿನ ಜಾಲಕ್ಕೆ ಕಾಣುವುದು ರೂಟರ್ ಒಂದೇ, ಅದರ ಹಿಂದಿರುವ ಸಾಧನಗಳಲ್ಲ.

ಇಲ್ಲಿ ಹಲವರು ಎಡವುವುದು ವಿಳಾಸದಲ್ಲಿ. ಲಾಡ್ಜಿನ ಜಾಲವೂ ಸ್ವಂತ ರೂಟರೂ 192.168.1 ಎಂಬ ಒಂದೇ ಸಾಲಿನಲ್ಲಿದ್ದರೆ ಯಾವುದು ಒಳಗಿನದು, ಯಾವುದು ಹೊರಗಿನದು ಎಂದು ಯಂತ್ರಕ್ಕೆ ತಿಳಿಯದು. ಸಿಗ್ನಲ್ ಕಡ್ಡಿಗಳು ತುಂಬಿದ್ದರೂ ಪುಟ ತೆರೆಯದು. ರೂಟರಿನ ಸಾಲನ್ನು 192.168.8ಕ್ಕೆ ಬದಲಿಸಿದರೆ ತೊಡಕು ಬಿಡುತ್ತದೆ. ಮುಂದಿನದು ಪಾಸ್‌ವರ್ಡ್: ಡಬ್ಲ್ಯುಪಿಎ3, ಇಲ್ಲವೇ ಡಬ್ಲ್ಯುಪಿಎ2 ಆರಿಸಿ, ಹನ್ನೆರಡು ಅಕ್ಷರಗಳಿಗಿಂತ ಉದ್ದದ್ದನ್ನು ಕೊಡಬೇಕು. ರೂಟರಿನೊಂದಿಗೆ ಬಂದ ಆಡಳಿತ ಪಾಸ್‌ವರ್ಡನ್ನೂ ಮೊದಲ ದಿನವೇ ಬದಲಿಸಬೇಕು.

ಆದರೆ ಈ ಬೀಗ ಕೊಠಡಿಯ ಬಾಗಿಲಿಗೆ ಮಾತ್ರ. ಫೋನಿನಿಂದ ರೂಟರಿನವರೆಗಿನ ಮಾತು ಗುಟ್ಟಾಗಿರುತ್ತದೆ. ಅಲ್ಲಿಂದಾಚೆಗೆ ಅದು ಲಾಡ್ಜಿನ ತಂತಿಯಲ್ಲೇ ಹರಿಯುತ್ತದೆ. ಬ್ಯಾಂಕಿನ ತಾಣಗಳು ಎಚ್‌ಟಿಟಿಪಿಎಸ್‌ನಿಂದ ತಮ್ಮ ಮಾಹಿತಿಯನ್ನು ಮುಚ್ಚಿಕೊಂಡಿದ್ದರೂ, ಯಾವ ತಾಣಕ್ಕೆ ಹೋದಿರಿ ಎಂಬುದು ನಡುವಿನವರಿಗೆ ಕಾಣಬಹುದು. ಅದನ್ನೂ ಮುಚ್ಚಬೇಕೆಂದರೆ ರೂಟರಿನಲ್ಲೇ ವಿಪಿಎನ್ ಹಾಕಬೇಕು. ಸ್ವಂತ ವೈಫೈ ಇದ್ದ ಮಾತ್ರಕ್ಕೆ ನಿಶ್ಚಿಂತೆ ಎನ್ನುವುದು ತಪ್ಪು ತಿಳಿವಳಿಕೆ.

ತರಂಗದ ಆಯ್ಕೆ ಗೋಡೆಯನ್ನು ನೋಡಿ ಮಾಡುವಂಥದ್ದು. 2.4 ಗಿಗಾಹರ್ಟ್ಸ್ ದಪ್ಪ ಗೋಡೆಯನ್ನೂ ಒಂದಿಷ್ಟು ದಾಟುತ್ತದೆ, ಆದರೆ ಅಕ್ಕಪಕ್ಕದ ಕೊಠಡಿಗಳ ಗದ್ದಲ ಅಲ್ಲೇ ಹೆಚ್ಚು. 5 ಗಿಗಾಹರ್ಟ್ಸ್ ವೇಗ ಹೆಚ್ಚು, ಗೋಡೆ ಅಡ್ಡ ಬಂದರೆ ಬೇಗ ಸೊರಗುತ್ತದೆ. ಒಂದೇ ಕೊಠಡಿಗೆ ಎರಡನೆಯದೇ ಲೇಸು. ಮನೆಯೊಳಗಿನ ಇಂಥ ಬಳಕೆಗೆ ಭಾರತದಲ್ಲಿ ಪರವಾನಗಿ ಬೇಕಿಲ್ಲ: ಮೊದಲನೆಯದಕ್ಕೆ 2005ರಲ್ಲಿ, 5 ಗಿಗಾಹರ್ಟ್ಸ್‌ನ ವಿಸ್ತೃತ ಪಟ್ಟಿಗೆ 2018ರಲ್ಲಿ ವಿನಾಯಿತಿ ಬಂತು.

ಕರೆಂಟು ಹೋದಾಗ ಪವರ್ ಬ್ಯಾಂಕಿನಿಂದ ರೂಟರ್ ನಡೆಯುತ್ತದೆ. ಲಾಡ್ಜಿನ ರೂಟರೇ ಆರಿದ್ದರೆ ಫೋನನ್ನು ಯುಎಸ್‌ಬಿ ತಂತಿಯಲ್ಲಿ ರೂಟರಿಗೆ ಜೋಡಿಸಿ ಸಿಮ್ಮಿನ ಡೇಟಾ ಬಳಸಬಹುದು. ಚಿತ್ರಗಳನ್ನು ಮಾತ್ರ ಜಾಲವೊಂದನ್ನೇ ನಂಬಿ ಬಿಡಬೇಡಿ. ಬಯಲಿನಲ್ಲಿ ನಿಂತ ಶಾಸನಕಲ್ಲು ಮಳೆಬಿಸಿಲಿಗೆ ಸವೆಯುತ್ತಲೇ ಇರುತ್ತದೆ. ತೆಗೆದ ಚಿತ್ರದ ಒಂದು ಪ್ರತಿಯನ್ನು ಅದೇ ರಾತ್ರಿ ಹಾರ್ಡ್ ಡಿಸ್ಕಿಗೂ ಇಳಿಸಿಡಿ.